ಕಮಲಾಪುರದ ಜಾವಾ

ಕಮಲಾಪುರವೆಂದೊಡನೆ ವಾಚಕರಲ್ಲಿ ಅನೇಕರಿಗೆ ಹಂಪೆಯ ಮಗ್ಗುಲಿನ ಕಮಲಾಪುರವು ನೆನಪಿಗೆ ಬರುವದು ಸಹಜವು. ನಾನು ಹೇಳಹೊರಟಿರುವ ಊರು ಅದಲ್ಲ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 35 ಕಿಲೋಮೀಟರು ಸಾಗಿದರೆ ಸಿಕ್ಕುವ, ಕೆಂಪು ಬಾಳೆಯ ಹಣ್ಣಿಗೆ ಹೆಸರಾದ ಕಮಲಾಪುರವಿದು. ಹಿಂದೆ ಕಲಬುರಗಿ ತಾಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲೂಕಿನ ಮುಖ್ಯ ಸ್ಥಳವಾಗಿದೆ. ನಾನು ಹುಟ್ಟಿದ್ದು ಅಲ್ಲಿಯೇ. ಆದರೆ ಹೊಟ್ಟೆಪಾಡು ನನ್ನನ್ನು ನಾಡಿನ ಮತ್ತೊಂದು ತುದಿಯಾದ ಮೈಸೂರಿಗೆ ಒಯ್ದು ಮೂವತ್ತು ವರ್ಷಗಳು ಕಳೆದವು.

ಕಳೆದ ದೀಪಾವಳಿಯ ತರುವಾಯ ನಾನು ಊರಿಗೆ ಹೋದದ್ದು ಜಾತ್ರೆಗೂ ಅಲ್ಲ, ಮದುವೆಗೂ ಅಲ್ಲ. ಒಂದು ಹಳೆಯ ಮೋಟಾರು ಸೈಕಲ್ಲಿನ ಇಂಜಿನನ್ನು ಕಳಚಿ ಕೆಳಗಿಳಿಸುವದಕ್ಕಾಗಿ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥ ಕೆಲಸದ ವೃತ್ತಾಂತವೇಕೆಂದು ಕೆಲವರು ಕೇಳಬಹುದು. ಅವರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಬೇಡಿಕೊಳ್ಳುವೆನು. ಈ ಕೆಲಸದಲ್ಲಿ ಅಡಿಗೆಮನೆಯ ಪಾಲೂ ಇದ್ದಿತು.

ನನ್ನ ಕಾಕಾ, ಎಂದರೆ ತಂದೆಯವರ ತಮ್ಮ, 1974ರಲ್ಲಿ ಕಲಬುರಗಿಯಲ್ಲಿ ಒಬ್ಬರು ಬಳಸಿ ಬಿಟ್ಟ ಜಾವಾ ಗಾಡಿಯೊಂದನ್ನು ಕೊಂಡರು. ಆಗ ಊರಿನ ಹೆಸರು ಕಾಗದಪತ್ರಗಳಲ್ಲಿ ಗುಲಬರ್ಗಾ ಎಂದಿತ್ತು. ಕಲಬುರಗಿ ಎಂಬ ಹೆಸರು ಸರಕಾರದ ಮುದ್ರೆ ಪಡೆದದ್ದು 2014ರ ನವೆಂಬರ್ 1ರಂದು. ಗಾಡಿಯು 1968ರಲ್ಲಿ ತಯಾರಾದದ್ದು. ಅದರ ಟಾಕಿಯ ಮೇಲಿನ ಬಣ್ಣವು ಕಮಲಾಪುರದ ಬಾಳೆಯ ಹಣ್ಣಿನ ಬಣ್ಣವೇ ಎಂದು ಕಾಕಾ ಹೇಳುತ್ತಿದ್ದರು. ಅದರ ಹಿಂದೆ ಬಾಳೆಯ ಗೊನೆಗಳನ್ನು ಗೋಣಿತಟ್ಟಿನಲ್ಲಿ ಸುತ್ತಿ ಕಟ್ಟಿಕೊಂಡು ಅವರು ಪೇಟೆಗೆ ಹೋಗುವರು. ಶರಣಬಸವೇಶ್ವರನ ಜಾತ್ರೆಗೆ ಅದೇ ಸ್ಥಳದಲ್ಲಿ ಚಿಗವ್ವನನ್ನು ಕೂಡಿಸಿಕೊಂಡು ಹೋಗುವರು. ಚಿಕ್ಕಂದಿನಲ್ಲಿ ನಮಗೆ ಗಾಡಿಯು ಕಣ್ಣಿಗೆ ಬೀಳುವ ಮೊದಲೇ ಅದರ ಸದ್ದು ಕೇಳಿ, ಅಂಗಳದಲ್ಲಿ ಓಟ ಮೊದಲಾಗುತ್ತಿತ್ತು.

ಜಾವಾ ಎಂಬದು ಮೂಲದಲ್ಲಿ ಚೆಕ್ ದೇಶದ ಹೆಸರು. ಫ್ರಾಂಟಿಶೆಕ್ ಯಾನೆಚೆಕ್ ಎಂಬವರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರು ಸೈಕಲ್ಲನ್ನು ತಮ್ಮ ದೇಶದಲ್ಲಿ ಮಾಡಲಾರಂಭಿಸಿ, ತಮ್ಮ ಹೆಸರಿನ ಮೊದಲ ಅಕ್ಷರಗಳನ್ನೂ ಅದರ ಹೆಸರಿನ ಮೊದಲ ಅಕ್ಷರಗಳನ್ನೂ ಕೂಡಿಸಿ ಈ ಹೆಸರಿಟ್ಟರು. 1961ರಿಂದ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯಲ್ಲಿ ಆ ಗಾಡಿಗಳು ತಯಾರಾಗತೊಡಗಿದವು. ಮುಂದೆ 1973ರಲ್ಲಿ, ಕಾರಖಾನೆಯ ಒಡೆಯರಾದ ಇರಾನಿ ಮನೆತನದ ಮೂಲಸ್ಥಳವಾದ ಯಜ್ದ್ ಪಟ್ಟಣದ ನೆನಪಿಗೆ, ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರಖಾನೆಯು ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮರಳಿ ಬೀದಿಗೆ ಬಂದಿರುವದಾದರೂ, ಆ ಹೊಸ ಗಾಡಿಗಳ ಇಂಜಿನಿಗೂ ಈ ಹಳೆಯದಕ್ಕೂ ಸಂಬಂಧವಿಲ್ಲ. ಯಾದವಗಿರಿಯ ಕಡೆಗೆ ಹೋದಾಗಲೆಲ್ಲ ನನಗೆ ಒಂದು ವಿಚಿತ್ರವು ತೋರುವದುಂಟು: ಗಾಡಿಯು ಹುಟ್ಟಿದ ಊರಿನಲ್ಲಿ ನಾನಿದ್ದೇನೆ, ನಾನು ಹುಟ್ಟಿದ ಊರಿನಲ್ಲಿ ಗಾಡಿಯಿದೆ.

ಇನ್ನು ಇಂಜಿನಿನ ವಿಷಯವಾಗಿ ಎರಡು ಮಾತು. ಇದು 250 ಸಿ.ಸಿ.ಯದು. ಸಿಲಿಂಡರು ಒಂದೇ ಆದರೂ ಹೊಗೆ ಹೋಗುವ ಕೊಳವೆಗಳು ಎರಡು, ಒಂದೊಂದು ಮಗ್ಗುಲಿಗೆ ಒಂದೊಂದು. ಗಾಡಿಯನ್ನು ಒದ್ದು ಚಾಲೂ ಮಾಡುವ ಸನ್ನೆಯನ್ನೇ ಮುಂದಕ್ಕೆ ಹೊರಳಿಸಿದರೆ ಅದು ಗೇರಿನ ಸನ್ನೆಯಾಗುವದು. ಎಲ್ಲಕ್ಕಿಂತ ಮುಖ್ಯವಾದದ್ದೆಂದರೆ ಅದು ಎರಡು ಹೊಡೆತದ ಇಂಜಿನು. ಇಂದಿನ ಗಾಡಿಗಳಲ್ಲಿ ಎಣ್ಣೆಗೆ ಪ್ರತ್ಯೇಕವಾದ ಹೊಂಡವಿದ್ದು, ಅಲ್ಲಿಂದ ಅದು ಒಳಗಿನ ಭಾಗಗಳಿಗೆಲ್ಲ ಹರಿಯುವದು. ಜಾವಾದಲ್ಲಿ ಪೆಟ್ರೋಲಿಗೇ ಎಣ್ಣೆಯನ್ನು ಬೆರೆಸಬೇಕು. ಉರಿಯಲು ಹೋಗುವ ಪೆಟ್ರೋಲೇ ತನ್ನೊಡನೆ ಆ ಎಣ್ಣೆಯನ್ನು ಒಯ್ದು ಪಿಸ್ಟನ್ನಿಗೂ ಬೇರಿಂಗುಗಳಿಗೂ ಸವರುವದು. ನಮ್ಮ ಮನೆಯ ಲೆಕ್ಕವು ಇಪ್ಪತ್ತಕ್ಕೆ ಒಂದು: 5 ಲೀಟರು ಪೆಟ್ರೋಲಿಗೆ ಪಾವು ಲೀಟರು ಎಣ್ಣೆ. ಈ ಅಳತೆಯು ಚಿಗವ್ವನ ಕೈಯಲ್ಲಿತ್ತು. ಹಿತ್ತಾಳೆಯ ಒಂದು ಹಳೆಯ ಲೋಟದ ಒಳಮೈಗೆ ಮೊಳೆಯಿಂದ ಗೀರಿ ಗುರುತು ಮಾಡಿಕೊಂಡು, ಕಾಕಾ ಡಬ್ಬಿಯಲ್ಲಿ ಪೆಟ್ರೋಲು ತಂದಾಗಲೆಲ್ಲ ಅವಳೇ ಎಣ್ಣೆಯನ್ನು ಅಳೆದು ಸುರುವುತ್ತಿದ್ದಳು. ಸಾರಿಗೆ ಉಪ್ಪು ಹಾಕುವವಳಿಗೆ ಇದೇನು ಕಷ್ಟವೆಂದು ಕಾಕಾ ನಗುತ್ತಿದ್ದರು.

ಕಾಕಾ ತೀರಿಕೊಂಡು ಆರು ವರ್ಷಗಳಾದವು. ಅದರ ಮರುವರ್ಷವೇ ಗಾಡಿಯೂ ನಿಂತಿತು. ಏಕೆ ನಿಂತಿತೆಂದು ಕೇಳಿದರೆ, 'ಹಳೇ ಗಾಡಿ, ಜಾಮ್ ಆಗ್ಯದ' ಎಂದಷ್ಟೇ ಚಿಗವ್ವನ ಮಗನಾದ ನನ್ನ ತಮ್ಮನು ಹೇಳುವನು. ಹೈದರಾಬಾದಿನ ವ್ಯಾಪಾರಿಯೊಬ್ಬನು ಇಂಥ ಗಾಡಿಗಳಿಗೆ ಒಳ್ಳೆಯ ಬೆಲೆ ಕೊಡುವನೆಂದೂ, ಕೊಟ್ಟುಬಿಡುವದೇ ಲೇಸೆಂದೂ ಅವನ ಅಭಿಪ್ರಾಯ. ಚಿಗವ್ವನು ಒಪ್ಪಲಿಲ್ಲ. ತಾಯಿಮಕ್ಕಳ ನಡುವೆ ಈ ಮಾತಿನಿಂದ ಉಂಟಾದ ಬಿರುಕು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಬಂದು, ದೀಪಾವಳಿಯಲ್ಲಿ ನನಗೆ ದೂರವಾಣಿ ಮಾಡಿದಾಗ ಇಬ್ಬರೂ ಬೇರೆ ಬೇರೆಯಾಗಿ ಒಬ್ಬರ ಮೇಲೊಬ್ಬರು ದೂರು ಹೇಳಿದರು. ಗಾಡಿಯನ್ನು ಕಲಬುರಗಿಗೆ ಒಯ್ದು ದುರಸ್ತಿ ಮಾಡಿಸೋಣವೆಂದು ನಾನು ಸೂಚಿಸಿದೆನು. ಅದಕ್ಕೆ ಚಿಗವ್ವ ಹೇಳಿದ ಉತ್ತರವಿದು:

“ಗಾಡಿ ಹೊಸ್ತಿಲ ದಾಟಬಾರ್ದು, ತಮ್ಮಾ. ಒಮ್ಮಿ ಹೋಯ್ತಂದ್ರ ಅದು ಹೊಳ್ಳಿ ಬರಂಗಿಲ್ಲ, ನನಗ ಗೊತ್ತದ. ಬೇಕಂದ್ರ ಇಂಜಿನ್ ಬಿಚ್ಚಿಕೊಂಡು ಒಯ್ಯಿರಿ. ಗಾಡಿ ಇಲ್ಲೇ ಇರ್ಲಿ.”

ಇಂಜಿನಿಲ್ಲದ ಗಾಡಿಯನ್ನು ಕೊಳ್ಳುವವರಾರೂ ಇಲ್ಲ, ಗಾಡಿಯಿಲ್ಲದ ಇಂಜಿನನ್ನೂ ಕೊಳ್ಳುವವರು ವಿರಳ. ಅಕ್ಷರ ಬಾರದ ಆ ಮುದುಕಿಯು ಎರಡನ್ನೂ ಒಂದಕ್ಕೊಂದು ಒತ್ತೆಯಿಟ್ಟಿದ್ದಳು!

ರೈಲು ಕಲಬುರಗಿಯನ್ನು ಮುಟ್ಟಿದಾಗ ಬೆಳಗಾಗಿತ್ತು. ಹಳೆಯ ಜಾವಾಗಳ ಕೆಲಸ ಬಲ್ಲ ಉಸ್ತಾದರೊಬ್ಬರನ್ನು ಕಾಣಬೇಕಾಗಿತ್ತು. ಅವರ ಅಂಗಡಿ ತೆರೆಯುವದು ಹತ್ತು ಗಂಟೆಗೆ. ಅಲ್ಲಿಯವರೆಗೆ ಕೋಟೆಯನ್ನು ನೋಡಿಬರೋಣವೆಂದು ನಡೆದೆನು. 1347ರಲ್ಲಿ ಬಹಮನಿ ರಾಜ್ಯವು ಹುಟ್ಟಿದಾಗ ರಾಜಧಾನಿಯಾದ ಊರಿದು. ಕೋಟೆಯೊಳಗಿನ ಜಾಮಿ ಮಸೀದಿಯು 1367ರದು. ಬೇರೆ ಮಸೀದಿಗಳಲ್ಲಿರುವಂತೆ ಬಯಲು ಅಂಗಳವಿಲ್ಲದೆ, ಇಡೀ ಕಟ್ಟಡವೇ ಗುಮ್ಮಟಗಳ ಕೆಳಗೆ ಅಡಗಿರುವದು ಅದರ ವಿಶೇಷ. ಒಳಗೆ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು. ನಿಂತಲ್ಲಿಂದ ಒಂದು ಹೆಜ್ಜೆ ಸರಿದರೆ ಸಾಲೇ ಬದಲಾಗುವದು. ಕೋಟೆಯ ಮೇಲಿನ ಬಾರಾ ಗಜ ತೋಪನ್ನೂ ನೋಡಿದೆನು. 29 ಅಡಿ ಉದ್ದದ ಆ ತೋಪು ಎಷ್ಟೋ ಕಾಲದಿಂದ ಮೌನವಾಗಿ ಆಕಾಶವನ್ನು ದಿಟ್ಟಿಸುತ್ತಿದೆ. ಅದಕ್ಕೆ ಸಡಿಲಿಸುವ ಒಂದು ನಟ್ಟೂ ಇಲ್ಲ; ಏಕೆ ಸುಮ್ಮನಾದೆಯೆಂದು ಕೇಳುವ ದಾರಿಯಿಲ್ಲ. ನಮ್ಮ ಗಾಡಿಯನ್ನು ಕೇಳುವ ದಾರಿಯಾದರೂ ಇದೆಯಲ್ಲ ಎಂದುಕೊಂಡು ಕೆಳಗಿಳಿದೆನು.

ಉಸ್ತಾದರಿಗೆ ಎಪ್ಪತ್ತು ದಾಟಿದೆ. ಮೊಣಕಾಲಿನ ನೋವಿನಿಂದ ಕಮಲಾಪುರದವರೆಗೆ ಬರಲಾರೆನೆಂದರು. ಆದರೆ ಚಹಾ ತರಿಸಿ, ಸ್ಟೂಲಿನ ಮೇಲೆ ಕೂಡಿಸಿ, ಅರ್ಧ ತಾಸು ಪಾಠ ಹೇಳಿದರು. ಹೊಗೆಕೊಳವೆಯ ನಟ್ಟುಗಳನ್ನು ತೆಗೆಯುವ ಕೊಕ್ಕೆಪಾನವನ್ನು ಹಳೆಯ ಅರಿವೆಯಲ್ಲಿ ಸುತ್ತಿ ಕೈಗಿತ್ತರು.

“ಸುತ್ತಗಿ ಮುಟ್ಟಬ್ಯಾಡ್ರಿ, ಸಾಬ್,” ಎಂದರು. “ಬಿಗಿ ಇರೋ ನಟ್ಟುಗಳೆಲ್ಲಾ ಇಂಜಿನ್ ಗಾಡಿ ಮ್ಯಾಲೆ ಇದ್ದಾಗೇ ಸಡ್ಲ ಮಾಡ್ಕೋರಿ. ಕೆಳಗಿಳಿದ ಮ್ಯಾಲೆ ಅದನ್ನ ಹಿಡಿಯೋರು ಯಾರು? ಬಿಚ್ಚಿದ ಬೋಲ್ಟ್ ಅದರದೇ ತೂತಿನ್ಯಾಗ ಹೊಳ್ಳಿ ಇಡ್ರಿ. ಬಿಚ್ಚೋದು ಯಾರಿಗೂ ಬರ್ತದ. ಬಿಚ್ಚಿದ್ದು ನೆನಪಿಡೋದು ಕಷ್ಟ ಅದ.”

ಹುಮನಾಬಾದ ರಸ್ತೆಯ ಬಸ್ಸು ಊರು ಬಿಟ್ಟೊಡನೆ ಎರಡೂ ಕಡೆಗೆ ಎರೆಯ ಹೊಲಗಳು ತೆರೆದುಕೊಂಡವು. ತೊಗರಿಯು ಹೂವು ಬಿಟ್ಟು ಹಳದಿಯಾಗಿತ್ತು. ಕಲಬುರಗಿಯನ್ನು ತೊಗರಿಯ ಕಣಜವೆನ್ನುವರು. ಈ ನೆಲದ ಬೇಳೆಯ ರುಚಿಯನ್ನು ಬಲ್ಲ ಗೃಹಿಣಿಯರಿಗೆ ಅದನ್ನು ಬೇರೆ ಹೇಳಬೇಕಾಗಿಲ್ಲ. ಮಹಾಗಾಂವ ಕ್ರಾಸನ್ನೂ ಕುರಿಕೋಟಾದ ಸೇತುವೆಯನ್ನೂ ದಾಟಿ ಕಮಲಾಪುರವನ್ನು ಸೇರಿದಾಗ ಮಧ್ಯಾಹ್ನವಾಗಿತ್ತು. 2017ರಲ್ಲಿ ಬೀದರ–ಕಲಬುರಗಿ ರೈಲುದಾರಿ ತೆರೆದ ಮೇಲೆ ಈ ಸೀಮೆಗೆ ಹೊಸ ಕಳೆ ಬಂದಿದೆಯಾದರೂ, ನನಗೆ ರಸ್ತೆಯ ದಾರಿಯೇ ಪ್ರಿಯವಾದದ್ದು. ಕಾಕಾನ ಬೆನ್ನಿಗೆ ಅಂಟಿಕೊಂಡು ನಾನು ಮೊದಲು ಕಂಡದ್ದು ಅದನ್ನೇ.

ಬಸ್ಸು ನಿಲ್ಲುವಲ್ಲಿ ಬುಟ್ಟಿಗಳಲ್ಲಿ ಕೆಂಪು ಬಾಳೆಯ ಹಣ್ಣು ಇಟ್ಟುಕೊಂಡು ಕುಳಿತಿದ್ದರು. ದಪ್ಪವಾದ, ಕಡುಗೆಂಪು ಸಿಪ್ಪೆಯ, ಒಳಗೆ ಕೆನೆಬಣ್ಣದ ಈ ಹಣ್ಣಿಗೆ ಭೌಗೋಳಿಕ ಸೂಚಕದ ಮನ್ನಣೆಯು ದೊರೆತಿದೆ. ಆದರೆ ಬೆಳೆಯುವವನ ಕಷ್ಟವು ಬೇರೆ. ಇತರ ಬಾಳೆಗಳು ವರ್ಷದ ಆಚೀಚೆ ಗೊನೆ ಕೊಟ್ಟರೆ ಇದಕ್ಕೆ ಸುಮಾರು ಹದಿನೆಂಟು ತಿಂಗಳು ಬೇಕು. ಗಿಡವು ಎತ್ತರ, ನೀರೂ ಗೊಬ್ಬರವೂ ಹೆಚ್ಚು. ಅವಸರದವರಿಗೆ ಹೇಳಿದ ಬೆಳೆಯಲ್ಲವೆಂದು ಕಾಕಾ ಅನ್ನುತ್ತಿದ್ದರು. ಅವರ ತೋಟದಲ್ಲಿ ಈಗ ಹತ್ತಿಪ್ಪತ್ತು ಗಿಡಗಳು ಮಾತ್ರ ಉಳಿದಿವೆ.

ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಲೆ, ಶೇಂಗಾ ಹಿಂಡಿಗಳ ಊಟವಾಯಿತು. ತಾಯಿಯೂ ಮಗನೂ ನನ್ನೊಡನೆ ಮಾತಾಡಿದರೇ ಹೊರತು ತಮ್ಮತಮ್ಮೊಳಗೆ ಆಡಲಿಲ್ಲ. ಊಟದ ಬಳಿಕ ಕೊಟ್ಟಿಗೆಗೆ ಹೋದೆವು. ಗಾಡಿಯು ಮೂಲೆಯಲ್ಲಿ ಹಳೆಯ ಕೌದಿಯನ್ನು ಹೊದ್ದು ನಿಂತಿತ್ತು. ಪಕ್ಕದ ಮಾಡದಲ್ಲಿ ಎಣ್ಣೆಯ ಡಬ್ಬಿ, ಅದರ ಮೇಲೆ ಮಗುಚಿ ಇಟ್ಟ ಹಿತ್ತಾಳೆಯ ಲೋಟ. ಲೋಟವನ್ನು ಮಾತ್ರ ಯಾರೋ ದಿನದಿನವೂ ಬೆಳಗಿದಂತೆ ಹೊಳೆಯುತ್ತಿತ್ತು.

ಆ ಸಂಜೆ ಇಂಜಿನಿನ ಮೈಯನ್ನು ಡೀಸೆಲ್ಲಿನಿಂದ ತೊಳೆದು, ಮೇಲಿನ ಪ್ಲಗ್ಗನ್ನು ತೆಗೆದು, ಡೀಸೆಲ್ಲು ಮತ್ತು ಇಂಜಿನಿನ ಎಣ್ಣೆಯನ್ನು ಸಮಸಮವಾಗಿ ಬೆರೆಸಿ ಆ ತೂತಿನಿಂದ ಸಿಲಿಂಡರಿನೊಳಗೆ ಸುರುವಿದೆವು. ತುಕ್ಕು ಹಿಡಿದ ಬೋಲ್ಟುಗಳಿಗೂ ಹನಿ ಹನಿಯಾಗಿ ಬಿಟ್ಟೆವು. ಹಿಡಿದು ಕುಳಿತ ಲೋಹಕ್ಕೆ ಬಲಕ್ಕಿಂತ ರಾತ್ರಿಯ ನೆನೆಯುವಿಕೆಯೇ ಹೆಚ್ಚಿನ ಔಷಧ. ಗೇರುಪೆಟ್ಟಿಗೆಯ ತಳದ ಬಿರಡೆಯನ್ನು ಸಡಿಲಿಸಿದಾಗ ಹಳೆಯ ಎಣ್ಣೆಯು ಕಪ್ಪು ಬೆಲ್ಲದ ಪಾಕದಂತೆ ಬುಟ್ಟಲಿಗೆ ಇಳಿಯಿತು.

ಮರುದಿನ ಬೆಳಿಗ್ಗೆ ಶಹಾಬಾದ ಕಲ್ಲಿನ ಹಾಸಿನ ಮೇಲೆ ಗೋಣಿತಟ್ಟು ಹಾಸಿ ಕೆಲಸಕ್ಕೆ ಕೈಹಚ್ಚಿದೆವು. ಮೊದಲು ಬ್ಯಾಟರಿಯ ತಂತಿಗಳನ್ನು ಕಳಚಿದೆವು. ಬಳಿಕ ಪೆಟ್ರೋಲಿನ ನಳವನ್ನು ಮುಚ್ಚಿ, ಕೊಳವೆಯನ್ನು ಬಿಡಿಸಿ, ಟಾಕಿಯನ್ನು ಇಳಿಸಿ ದೂರದ ನೆರಳಿಗೆ ಒಯ್ದಿಟ್ಟೆವು. ಪೆಟ್ರೋಲಿನ ಕೆಲಸ ಮುಗಿಯುವವರೆಗೆ ಒಲೆ ಹಚ್ಚಬಾರದೆಂದು ನಾನು ಹೇಳುವ ಮೊದಲೇ ಚಿಗವ್ವನು ಒಲೆಗೆ ನೀರು ಚಿಮುಕಿಸಿದ್ದಳು. ಕಾರ್ಬುರೇಟರನ್ನು ತೆಗೆದ ಕೂಡಲೆ ಇಂಜಿನಿನ ಬಾಯಿಗೆ ಸ್ವಚ್ಛವಾದ ಅರಿವೆಯ ಉಂಡೆಯನ್ನು ತುರುಕಿದೆವು. ತೆರೆದ ಬಾಯೊಳಗೆ ಒಂದು ಹರಳು ಬಿದ್ದರೂ ಮುಂದೆ ಅದು ಇಡೀ ಇಂಜಿನನ್ನು ಕೆಡಿಸಬಲ್ಲದು.

ತೊಂದರೆ ಮೊದಲಾದದ್ದು ಹೊಗೆಕೊಳವೆಗಳ ಹತ್ತಿರ. ಸಿಲಿಂಡರಿಗೆ ಕೊಳವೆಯನ್ನು ಬಿಗಿದು ಹಿಡಿಯುವ ಬಳೆಯಂಥ ನಟ್ಟುಗಳಲ್ಲಿ ಒಂದು ಕೊಕ್ಕೆಪಾನಕ್ಕೆ ಒಲಿದು ಬಂದಿತು; ಇನ್ನೊಂದು ಕದಲಲಿಲ್ಲ. ತಮ್ಮನು ಎದ್ದು ಹೋಗಿ ಸುತ್ತಿಗೆಯನ್ನು ತಂದನು.

“ಬಿಡು ಅಣ್ಣಾ, ನಾಕ ಏಟು ಹಾಕಿದ್ರ ತಾನೇ ಬರ್ತದ. ಹೆಂಗೂ ಕೆಟ್ಟದ್ದೇ ಅಲ್ಲ?”

ಅವನ ದನಿಯಲ್ಲಿ ಆ ಗಾಡಿಯ ಮೇಲೆ ಒಂದು ಬಗೆಯ ದ್ವೇಷವೇ ಇದ್ದಂತೆ ನನಗೆ ತೋರಿತು. ಗಾಡಿಯ ಮೇಲೆ ದ್ವೇಷವೇಕೆಂದು ಆಗ ತಿಳಿಯಲಿಲ್ಲ. ನಾನು ಉತ್ತರ ಕೊಡುವಷ್ಟರಲ್ಲಿ ಚಿಗವ್ವನು ಬಚ್ಚಲಿನ ಹಂಡೆಯಿಂದ ಕುದಿಯುವ ನೀರನ್ನು ತಂದು ನನ್ನೆದುರು ಇಟ್ಟಳು. ಬಿಗಿಯಾದ ಡಬ್ಬಿಯ ಮುಚ್ಚಳವನ್ನು ಅವಳು ತೆಗೆಯುವದು ಹಾಗೆಯೇ! ಅರಿವೆಯನ್ನು ಆ ನೀರಿನಲ್ಲಿ ಅದ್ದಿ ನಟ್ಟಿಗೆ ಸುತ್ತಿದೆವು. ನಾಲ್ಕಾರು ಸಲ ಹೀಗೆ ಮಾಡಿದ ಬಳಿಕ ಪಾನದ ಕೆಳಗೆ ಕಿರ್ರೆಂದು ಸಣ್ಣ ಸದ್ದಾಯಿತು. ತಮ್ಮನು ಸುತ್ತಿಗೆಯನ್ನು ಸುಮ್ಮನೆ ಗೋಡೆಗೆ ಒರಗಿಸಿದನು.

ಅಲ್ಲಿಂದ ಮುಂದೆ ಅವನ ಕೈ ಬದಲಾಯಿತು. ಡೈನಮೋದ ತಂತಿಗಳನ್ನು ಬಿಡಿಸುವಾಗ ಒಂದೊಂದಕ್ಕೂ ಅರಿವೆಯ ಚಿಂದಿ ಕಟ್ಟಿ, ಅದರ ಮೇಲೆ ಗುರುತು ಬರೆದನು. ತನ್ನ ಮೊಬೈಲಿನಲ್ಲಿ ಚಿತ್ರ ತೆಗೆದದ್ದು ಸಾಲದೆ, ಮಗಳ ಶಾಲೆಯ ಪುಸ್ತಕದ ಹಾಳೆಯ ಮೇಲೆ ಇಂಜಿನಿನ ಆಕಾರವನ್ನು ಬರೆದು, ಯಾವ ಬೋಲ್ಟು ಎಲ್ಲಿಯದೆಂದು ಅಂಕಿಗಳನ್ನು ಹಾಕಿದನು. ಹಿಂದಿನ ಚೈನಿನ ಕೂಡುಗೊಂಡಿಯಲ್ಲಿ ಒಂದು ಸಣ್ಣ ಕ್ಲಿಪ್ಪಿರುವದು. ಅದರ ಮುಚ್ಚಿದ ತುದಿಯು ಚೈನು ಓಡುವ ದಿಕ್ಕಿಗೆ ಇರಬೇಕು, ಇಲ್ಲದಿದ್ದರೆ ದಾರಿಯಲ್ಲಿ ಕಳಚಿ ಬೀಳುವ ಭಯ. ಅದನ್ನೂ ಬರೆದುಕೊಂಡನು. ಜಾವಾದ ಚೈನು ಪೂರ್ತಿ ಕವಚದೊಳಗೆ ಇರುವದರಿಂದ, ಹೊರಗೆಳೆಯುವ ಮೊದಲು ಅದರ ತುದಿಗೆ ಗಟ್ಟಿಯಾದ ಹುರಿಯನ್ನು ಕಟ್ಟಿ ಕವಚದಲ್ಲಿ ಬಿಟ್ಟೆವು. ಮರಳಿ ಹಾಕುವಾಗ ಹುರಿಯನ್ನು ಎಳೆದರೆ ಚೈನು ತಾನಾಗಿ ದಾರಿ ಹಿಡಿಯುವದು. ಲಾಡಿ ಪೋಣಿಸುವ ಹೆಂಗಸರಿಗೆ ಈ ಯುಕ್ತಿಯು ಹೊಸದಲ್ಲ.

ಕ್ಲಚ್ಚಿನ ತಂತಿಯನ್ನು ಬಿಡಿಸಿ, ಉಸ್ತಾದರು ಹೇಳಿದಂತೆ ಬಿಗಿಯಾದ ನಟ್ಟುಗಳನ್ನು ಮೊದಲೇ ಸಡಿಲಿಸಿಕೊಂಡು, ಕೊನೆಗೆ ಇಂಜಿನನ್ನು ಚೌಕಟ್ಟಿಗೆ ಹಿಡಿದಿದ್ದ ಬೋಲ್ಟುಗಳಿಗೆ ಬಂದೆವು. ಇಂಜಿನಿನ ಕೆಳಗೆ ಮರದ ದಿಮ್ಮಿಯನ್ನಿಟ್ಟು, ಅದರ ಮೇಲೆ ಗೋಣಿಯನ್ನು ಮಡಿಸಿ ಹಾಕಿ, ಭಾರವು ದಿಮ್ಮಿಯ ಮೇಲೆ ಬಂದಿತೆಂದು ಖಾತರಿಯಾದ ಮೇಲೆಯೇ ಕೊನೆಯ ಬೋಲ್ಟನ್ನು ಎಳೆದೆವು. ಭಾರಕ್ಕೆ ಆಸರೆ ಕೊಡದೆ ಅದನ್ನು ಎಳೆದರೆ ಬೋಲ್ಟಿನ ಹಲ್ಲೂ ಹಾಳು, ಕೆಳಗಿರುವ ಬೆರಳೂ ಹಾಳು. ಅವನು ಒಂದು ಕಡೆ, ನಾನು ಒಂದು ಕಡೆ ಹಿಡಿದು, ಸ್ವಲ್ಪ ಓರೆ ಮಾಡಿ, ಎತ್ತಿ ಹೊರಗೆ ತಂದೆವು. ಐವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಒಂದಾಗಿದ್ದದ್ದು ಎರಡಾಯಿತು. ಗಾಡಿಯ ನಡುವಿನಲ್ಲಿ ಈಗ ಆಚೆಯ ಗೋಡೆ ಕಾಣಿಸುತ್ತಿತ್ತು.

ಚಿಗವ್ವನು ಬಂದು ಆ ಖಾಲಿ ಜಾಗದಲ್ಲಿ ಒಮ್ಮೆ ಕೈಯಾಡಿಸಿದಳು. ತೆಗೆದ ಬೋಲ್ಟುಗಳು ಅವವುಗಳ ತೂತುಗಳಲ್ಲಿ ಮರಳಿ ಕುಳಿತಿದ್ದವು, ಅವುಗಳನ್ನು ಎಣಿಸಿದಳು. ಗಾಡಿಗೆ ಮತ್ತೆ ಕೌದಿಯನ್ನು ಹೊದಿಸಿ ಒಳಗೆ ಹೋದಳು.

ಮೂರನೆಯ ದಿನ ಇಂ‌ಜಿನನ್ನು ಹಳೆಯ ಟಾಯರಿನ ನಡುವೆ ಕೂಡಿಸಿ, ಬಾಡಿಗೆಯ ಟಂಟಂನಲ್ಲಿ ಕಲಬುರಗಿಗೆ ಒಯ್ದೆವು. ಉಸ್ತಾದರು ಮುಂಡಿಯನ್ನು ಬಿಚ್ಚಿ, ಸಿಲಿಂಡರನ್ನು ಮರದ ತುಂಡಿನಿಂದ ಸುತ್ತಲೂ ಮೆಲ್ಲನೆ ತಟ್ಟುತ್ತ ತಟ್ಟುತ್ತ ಮೇಲೆತ್ತಿದರು. ಪಿಸ್ಟನ್ನು ಹೊರಬಿದ್ದಿತು. ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಒಳಗೆ ತುಕ್ಕಿನ ಕಂದು ಬಳೆಯಿತ್ತು; ಅದು ಐದು ಮಳೆಗಾಲಗಳ ಗುರುತು. ಆದರೆ ಅದರ ಕೆಳಗೆ ಪಿಸ್ಟನ್ನಿನ ಮೈಮೇಲೆ, ಮೇಲಿಂದ ಕೆಳಕ್ಕೆ, ಬೆಕ್ಕು ಪರಚಿದಂತೆ ಉದ್ದನೆಯ ಗೀರುಗಳಿದ್ದವು. ಸಿಲಿಂಡರಿನ ಗೋಡೆಗೆ ಪಿಸ್ಟನ್ನಿನ ಲೋಹವೇ ಕರಗಿ ಮೆತ್ತಿಕೊಂಡಿತ್ತು.

“ಇದು ನಿಂತು ಕೆಟ್ಟಿದ್ದಲ್ರಿ,” ಎಂದರು ಉಸ್ತಾದರು. “ಓಡ್ತಾ ಓಡ್ತಾ ಹಿಡದದ. ಎಣ್ಣಿ ಇಲ್ಲದ ಬರೇ ಪೆಟ್ರೋಲ್ ಮ್ಯಾಲೆ ಓಡಿಸ್ಯಾರ. ತುಕ್ಕು ಆಮ್ಯಾಗ ಬಂದದ್ದು.”

ನನ್ನ ತಮ್ಮನು ಏನೂ ಹೇಳಲಿಲ್ಲ. ಸಿಲಿಂಡರನ್ನು ಕೊರೆಸಿ ಒಂದು ಅಳತೆ ದೊಡ್ಡದು ಮಾಡಬೇಕೆಂದೂ, ಅದಕ್ಕೆ ಸರಿಯಾದ ದೊಡ್ಡ ಪಿಸ್ಟನ್ನನ್ನು ಹುಡುಕಬೇಕೆಂದೂ ಉಸ್ತಾದರು ಹೇಳಿದಾಗಲೂ ಅವನು ನೆಲವನ್ನೇ ನೋಡುತ್ತಿದ್ದನು. ಮರಳಿ ಬರುವಾಗ ಮಹಾಗಾಂವ ಕ್ರಾಸಿನಲ್ಲಿ ಚಹಾಕ್ಕೆಂದು ಇಳಿದೆವು. ಅಲ್ಲಿ ಅವನು ರಸ್ತೆಯ ಒಂದು ಕಡೆಯನ್ನು ತೋರಿಸಿದನು.

ಕಾಕಾ ತೀರಿಕೊಂಡು ವರ್ಷ ತುಂಬಿದ ದಿನ, ಪೂಜೆಯ ಹೂವಿಗೆಂದು, ತಂದೆಯ ಗಾಡಿಯ ಮೇಲೆಯೇ ಹೋಗಿಬರಬೇಕೆಂಬ ಆಸೆಯಿಂದ ಅವನು ಕಲಬುರಗಿಗೆ ಹೊರಟಿದ್ದನು. ಟಾಕಿಯಲ್ಲಿ ಪೆಟ್ರೋಲಿರಲಿಲ್ಲ. ತನ್ನ ಹೊಸ ಗಾಡಿಗೆ ಹಾಕಿಸುವಂತೆಯೇ ಇದಕ್ಕೂ ಪಂಪಿನಲ್ಲಿ ಬರಿಯ ಪೆಟ್ರೋಲನ್ನು ಹಾಕಿಸಿದನು. ಎಣ್ಣೆಯ ಮಾತು ಅವನಿಗೆ ಹೊಳೆಯಲೇ ಇಲ್ಲ. ಅದು ಯಾವಾಗಲೂ ತಾಯಿಯ ಕೆಲಸವಾಗಿತ್ತು. ಇಲ್ಲಿಗೆ ಬಂದಾಗ ಇಂಜಿನು ಒಮ್ಮೆ ಚೀರಿ ನಿಂತುಬಿಟ್ಟಿತು. ತಂದೆಯ ತಿಥಿಯ ದಿನವೇ ತಂದೆಯ ಗಾಡಿಯನ್ನು ಕೊಂದೆನೆಂದು, ರಾತ್ರಿ ಅದನ್ನು ಯಾರದೋ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದನು. ಅಂದಿನಿಂದ ಅದನ್ನು ಕಣ್ಣೆತ್ತಿ ನೋಡುವದೇ ಅವನಿಗೆ ಬೇಡವಾಯಿತು. ಮಾರುವ ಹಟವು ಹುಟ್ಟಿದ್ದು ಹಣದ ಆಸೆಯಿಂದಲ್ಲ.

“ಅವ್ವಗ ಹೆಂಗ ಹೇಳ್ಲಿ ಅಣ್ಣಾ?” ಎಂದನು.

ಇಂಜಿನು ಬಿಚ್ಚಿದಂತೆಯೇ ಹೇಳು, ಎಂದಷ್ಟೇ ನಾನೆಂದೆನು.

ಆ ರಾತ್ರಿ ಊಟವಾದ ಮೇಲೆ ಅವನು ಹೇಳಿದನು. ಚಿಗವ್ವನು ರೊಟ್ಟಿಯ ಹಿಟ್ಟಿನ ಪರಾತವನ್ನು ತೊಳೆಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ನನಗ ಗೊತ್ತಿತ್ತು,” ಎಂದಳು. “ಅವತ್ತು ಗಾಡಿ ಹೋಯ್ತು, ಎಣ್ಣಿ ಡಬ್ಬಿ ಹೆಂಗಿತ್ತೋ ಹಂಗೇ ತುಂಬಿತ್ತು. ನೀ ಹೇಳ್ತಿ ಅಂತ ದಾರಿ ಕಾದೆ. ನೀ ಹೇಳಲಿಲ್ಲ, ಮಾರ್ತೀನಿ ಅಂದಿ.”

“ನೀನಾದ್ರೂ ಕೇಳಬೇಕಿತ್ತಲ್ಲ, ಯವ್ವಾ?”

“ಅವತ್ತು ನಿನ್ನ ಮಾರಿ ನೋಡಿ ಹೆಂಗ ಕೇಳ್ಲಿ?”

ಅದಕ್ಕಿಂತ ಹೆಚ್ಚು ಮಾತು ನಡೆಯಲಿಲ್ಲ. ಆದರೆ ಮರುದಿನ ಬೆಳಿಗ್ಗೆ ನಾನು ಹೊರಟಾಗ, ಬಸ್ಸಿನಲ್ಲಿ ತಿನ್ನುವದಕ್ಕೆ ಬಾಳೆಯ ಹಣ್ಣು ಕಟ್ಟಿಕೊಡುವದೋ ಬೇಡವೋ ಎಂಬ ವಿಷಯದಲ್ಲಿ ತಾಯಿಮಕ್ಕಳು ಗಟ್ಟಿಯಾಗಿ ಜಗಳವಾಡುತ್ತಿದ್ದರು. ಅದನ್ನು ಕೇಳಿ ನನಗೆ ಬಹಳ ಸಮಾಧಾನವಾಯಿತು.

ಪಿಸ್ಟನ್ನು ಮೈಸೂರಿನಲ್ಲಿಯೇ, ಹಳೆಯ ಬಿಡಿಭಾಗಗಳ ಅಂಗಡಿಯೊಂದರ ಅಟ್ಟದ ಮೇಲೆ ಸಿಕ್ಕಿತು. ಉಸ್ತಾದರ ಕೈಯಿಂದ ಇಂಜಿನು ಸಿದ್ಧವಾಗಿ ಬಂದಾಗ ಎಳ್ಳಮಾವಾಸ್ಯೆಯು ಹತ್ತಿರವಾಗಿತ್ತು. ನಮ್ಮ ಕಡೆಗೆ ಅದು ಹೊಲದ ಹಬ್ಬ. ಸಜ್ಜೆಯ ಕಡಬು, ರೊಟ್ಟಿ, ಭಜ್ಜಿಗಳನ್ನು ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವರು. ರಜೆ ಪಡೆದು ನಾನೂ ಹೋದೆನು. ಕೂಡಿಸುವ ಕೆಲಸಕ್ಕೆ ನನ್ನ ನೆರವು ಹೆಚ್ಚಾಗಿ ಬೇಕಾಗಲಿಲ್ಲ. ಶಾಲೆಯ ಪುಸ್ತಕದ ಆ ಹಾಳೆಯನ್ನು ಗೋಡೆಗೆ ಚುಚ್ಚಿಕೊಂಡು, ತಮ್ಮನು ಒಂದೊಂದೇ ಅಂಕಿಯ ಮೇಲೆ ಗೀರು ಎಳೆಯುತ್ತ ನಡೆದನು. ಹುರಿಯನ್ನು ಎಳೆದೊಡನೆ ಚೈನು ಕವಚದೊಳಗಿಂದ ಸರಸರನೆ ಬಂದಿತು.

ಟಾಕಿಗೆ 5 ಲೀಟರು ಪೆಟ್ರೋಲು ಸಿದ್ಧವಾಯಿತು. ಚಿಗವ್ವನು ಮಾಡದಿಂದ ಲೋಟವನ್ನು ತಂದಳು. ಆದರೆ ತಾನು ಅಳೆಯಲಿಲ್ಲ. ಮಗನ ಕೈಗೆ ಕೊಟ್ಟು, ಒಳಗಿನ ಗೀರನ್ನು ಬೆರಳಿನಿಂದ ತೋರಿಸಿದಳು. ಅವನು ಅಳೆದು ಸುರುವಿದನು. ಏಳನೆಯದೋ ಎಂಟನೆಯದೋ ಒದೆತಕ್ಕೆ ಗಾಡಿಯು ಎರಡೂ ಕೊಳವೆಗಳಿಂದ ನೀಲಿ ಹೊಗೆಯನ್ನು ಕಾರುತ್ತ ಎದ್ದಿತು. ಆ ಸದ್ದಿಗೆ ಓಣಿಯ ಹುಡುಗರೆಲ್ಲ ಓಡಿಬಂದರು. ಹೊಸ ಪಿಸ್ಟನ್ನು ಹೊಂದಿಕೊಳ್ಳುವವರೆಗೆ ಮೆಲ್ಲಗೆ ಓಡಿಸಬೇಕೆಂದು ಉಸ್ತಾದರ ಅಪ್ಪಣೆಯಿದ್ದಿತು. ಆದ್ದರಿಂದ ಹೊಲದವರೆಗೆ ನಾವು ನಡೆದೇ ಹೋದೆವು, ಗಾಡಿಯು ನಮ್ಮ ಹಿಂದೆ ಎತ್ತಿನ ಬಂಡಿಯ ವೇಗದಲ್ಲಿ ಬಂದಿತು. ಹಿಂದಿನ ಸೀಟಿನ ಮೇಲೆ ಕಡಬಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಚಿಗವ್ವನಿದ್ದಳು.

ಹೈದರಾಬಾದಿನ ವ್ಯಾಪಾರಿಯು ಆ ಬಳಿಕವೂ ಒಮ್ಮೆ ವಿಚಾರಿಸಿದನಂತೆ. ಓಡುವ ಗಾಡಿಗೆ ಬೆಲೆಯು ಮೊದಲಿಗಿಂತ ಹೆಚ್ಚಂತೆ. ತಮ್ಮನು ಏನು ಹೇಳಿದನೋ ನಾನು ಕೇಳಲಿಲ್ಲ. ಮೊನ್ನೆ ಅವನು ಒಂದು ಚಿತ್ರವನ್ನು ಕಳುಹಿಸಿದ್ದನು: ಕೊಟ್ಟಿಗೆಯ ಮಾಡದಲ್ಲಿ ಅದೇ ಡಬ್ಬಿ, ಅದೇ ಲೋಟ. ಡಬ್ಬಿಯಲ್ಲಿ ಎಣ್ಣೆಯು ಅರ್ಧಕ್ಕೆ ಇಳಿದಿತ್ತು.